ಎರಡಕ್ಕೇ ನಿಂತ ಇಂಜೆಕ್ಷನ್

ನಾನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆಗೆ ಹೊರಟ ರೋಗಿಗಳಿಗೆ, "ಜ್ವರ ಬಿಟ್ಟಿತೆಂದು ಆಂಟಿಬಯೋಟಿಕ್ ನಿಲ್ಲಿಸಬೇಡಿ, ಕೋರ್ಸ್ ಮುಗಿಸಿ" ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಮಾತು ಕೇಳದೆ ಮತ್ತೆ ಜ್ವರ ತಂದುಕೊಂಡವರನ್ನು ಗದರಿಸಿದ್ದೂ ಇದೆ. ಆ ಬಾಯಿಯ ಯೋಗ್ಯತೆ ಎಷ್ಟೆಂದು ನನ್ನ ಮದುವೆಯ ಹೊತ್ತಿಗೆ ತಿಳಿಯಿತು.

ಬಜಗೋಳಿಯ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ನನ್ನ ಮದುವೆಗೆಂದೇ ಒಂದು ಹಂದಿ ಸಾಕಿದ್ದಳು. ಮಗಳ ಮದುವೆಯ ಊಟಕ್ಕೆ ಪೇಟೆಯ ಮಾಂಸ ತಂದರೆ ನೆಂಟರ ಮುಂದೆ ತಲೆ ಎತ್ತುವಂತಿಲ್ಲ ಎಂಬುದು ಅವಳ ಹಟ. ಗಂಜಿತಿಳಿ, ಬೇಯಿಸಿದ ಕೆಸುವಿನ ದಂಟು ಹಾಕಿ ಅದನ್ನು ಕೊಬ್ಬಿಸಿದ್ದಳು. ಮದುವೆಯ ಮುನ್ನಾದಿನ ಬೆಳಿಗ್ಗೆ ಕಡಿಯುವುದೆಂದು ನಿಶ್ಚಯವಾಗಿತ್ತು.

ಮದುವೆಗೆ ಹದಿನೆಂಟು ದಿನ ಇರುವಾಗ ಹಂದಿ ತಿನ್ನುವುದು ಬಿಟ್ಟಿತು. ಮೈ ಕಾದಿತ್ತು, ಬೆನ್ನಿನ ಮೇಲೆ ಕೆಂಪು ಕಲೆಗಳೆದ್ದಿದ್ದವು. ಹೊಸದಾಗಿ ಬಂದಿದ್ದ ಪಶುವೈದ್ಯರು ಬೈಕಿನಲ್ಲಿ ಬಂದು ಅದರ ಕುತ್ತಿಗೆಗೆ ಪೆನಿಸಿಲಿನ್ ಚುಚ್ಚಿದರು. ಉಳಿದ ನಾಲ್ಕು ಬಾಟಲಿಗಳನ್ನು, ರಜೆಯಲ್ಲಿ ಬಂದಿದ್ದ ನನ್ನ ಕೈಗೆ ಕೊಟ್ಟರು.

"ಒಟ್ಟು ಐದು ದಿನ, ಬಿಡದೆ ಕೊಡಿ. ಕೊನೆಯ ಇಂಜೆಕ್ಷನ್ ಆದ ಮೇಲೆ ಹದಿನೈದು ದಿನ ಕಡಿಯಬೇಡಿ, ಮಾಂಸದಲ್ಲಿ ಮದ್ದು ಉಳಿದಿರ್ತದೆ. ನಿಮಗೆ ನಾನೆಂತ ಹೇಳುವುದು, ನೀವು ನರ್ಸ್ ಅಲ್ವಾ?"

ಮರುದಿನ ಎರಡನೆಯದನ್ನು ನಾನೇ ಕೊಟ್ಟೆ. ಸಂಜೆಗೆ ಹಂದಿ ಎದ್ದು ತಿಂದಿತು. ಅಣ್ಣ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಚಿದ.

"ಐದೂ ಕೊಟ್ಟರೆ ಕಡಿಯುವ ದಿನ ದಾಟಿ ಎರಡು ದಿನ ಹೋಗ್ತದೆ. ಇವತ್ತಿಗೆ ನಿಲ್ಲಿಸಿದರೆ ಹದಿನೈದು ಸರಿಯಾಗ್ತದೆ. ಹೇಗೂ ತಿನ್ತಾ ಉಂಟಲ್ಲ."

ಡಾಕ್ಟರ ಎರಡನೆಯ ಮಾತು ಪಾಲಿಸಲು ಮೊದಲನೆಯದನ್ನು ಮುರಿಯುವ ಉಪಾಯ. ಅಮ್ಮ ನನ್ನ ಮುಖ ನೋಡಿದಳು. ನಾನು ಬೇಡ ಎಂದಿದ್ದರೆ ಇಬ್ಬರೂ ಕೇಳುತ್ತಿದ್ದರು. ಆದರೆ ನನ್ನ ಮದುವೆಯಲ್ಲಿ ಮನೆಯದೇ ಹಂದಿ ಎಂದು ಹೇಳಿಕೊಳ್ಳುವ ಆಸೆ ನನಗೂ ಇತ್ತು. ಮೂರು ಬಾಟಲಿಗಳನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ನಾಚಿಕೆ ಆಗಲೇ ಆಗಿತ್ತು, ಅದನ್ನು ನುಂಗಿಕೊಂಡೆ.

ಏಳನೆಯ ದಿನ ಜ್ವರ ಮರಳಿ ಬಂತು. ಹಂದಿಗೆ ಏಳಲಾಗಲಿಲ್ಲ, ಕಲೆಗಳು ಕಪ್ಪಾಗಿದ್ದವು. ಫೋನ್ ಮಾಡಿದ ಕೂಡಲೇ ಬಂದ ಡಾಕ್ಟರು ಗೂಡಿನೊಳಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದರು: "ಐದೂ ದಿನ ಕೊಟ್ಟಿದ್ದೀರಲ್ಲ?"

ಅಣ್ಣ ನೆಲ ನೋಡಿದ. "ಕೊಟ್ಟಿದ್ದೇವೆ," ಎಂದೆ ನಾನು.

ನರ್ಸಿನ ಮಾತನ್ನು ಅವರು ಅನುಮಾನಿಸಲಿಲ್ಲ. "ಹಾಗಾದರೆ ನಾನು ಬೇರೆ ಮದ್ದು ಕೊಡಬೇಕಿತ್ತು. ತಪ್ಪು ನನ್ನದೇ," ಎಂದರು. ಬೇರೆ ಮದ್ದನ್ನೂ ಚುಚ್ಚಿ ನೋಡಿದರು. ಮಧ್ಯಾಹ್ನದೊಳಗೆ ಹಂದಿ ಸತ್ತಿತು.

ಮದುವೆಗೆ ಕಾಪು ಪೇಟೆಯಿಂದ ಮಾಂಸ ಬಂತು. ಎಲ್ಲರೂ ಚಪ್ಪರಿಸಿ ತಿಂದರು. ಎಲ್ಲಿಯದೆಂದು ಯಾರೂ ಕೇಳಲೇ ಇಲ್ಲ.

ನಮ್ಮ ಕಡೆಯವರು ಈಗ ಆ ಡಾಕ್ಟರನ್ನು ಕರೆಯುವುದಿಲ್ಲ. ದನಕ್ಕೆ ಕೆಚ್ಚಲು ಬಾತರೂ ಕಾರ್ಕಳದಿಂದ ಬೇರೆಯವರನ್ನು ಕರೆಸುತ್ತಾರೆ. ಮೂರು ಬಾಟಲಿ ಕಪಾಟಿನಲ್ಲೇ ಉಳಿದದ್ದು ಅಮ್ಮನಿಗೂ ಗೊತ್ತು. ಆದರೂ ನೆಂಟರು ಬಂದಾಗಲೆಲ್ಲ, "ಅವರ ಕೈಗುಣವೇ ಸರಿಯಿಲ್ಲ," ಎನ್ನುತ್ತಾಳೆ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತೇನೆ.