ಒಮ್ಮೆ ಬಂದು ಹೋದವರು

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವೈನಿಯ ಜ್ವರ ಇಳಿಯಿತು. ಎಲ್ಲವೂ ಕೆಡಲು ಶುರುವಾದದ್ದು ಆ ನಿಮಿಷದಿಂದಲೇ. ಥರ್ಮಾಮೀಟರು ಪೀಂ ಎಂದು ತೊಂಬತ್ತೆಂಟು ತೋರಿಸಿತು. ನಮ್ಮವ್ವ ದೇವರ ಮುಂದೆ ಸಕ್ಕರೆ ಇಟ್ಟು ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದಳು. ನಾನೂ ನೆಕ್ಕಿದೆ. ಈಗ ನಮ್ಮ ಬ್ಯಾಂಕಿನ ಟೋಕನ್ ಯಂತ್ರ ಅದೇ ದನಿಯಲ್ಲಿ ದಿನವಿಡೀ ಪೀಂ ಎನ್ನುತ್ತಿರುತ್ತದೆ. ಪ್ರತಿ ಸಲವೂ ಆ ಸಕ್ಕರೆ ನನ್ನ ನಾಲಿಗೆಯ ಮೇಲೆ ಕರಗುತ್ತದೆ, ಮೈ ಉರಿಯುತ್ತದೆ. ಎದುರಿಗೆ ಪಾಸ್‌ಬುಕ್ ಹಿಡಿದು ನಿಂತ ಪಾಪದ ಮನುಷ್ಯನಿಗೆ ಈ ಹೆಂಗಸು ತನ್ನನ್ನೇಕೆ ಹೀಗೆ ಗುರಾಯಿಸುತ್ತಿದ್ದಾಳೆ ಎಂದು ತಿಳಿಯುವುದಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾವು ಬೀದರ ಜಿಲ್ಲೆಯವರು. ಅಣ್ಣ ನಾಶಿಕದಲ್ಲಿ, ಓಝರ್ ಕಡೆಗೆ, ನೌಕರಿಗಿದ್ದಾನೆ. ನಾನು ಅವ್ವನನ್ನು ಕಟ್ಟಿಕೊಂಡು ಅದೇ ಮರಾಠಿ ಸೀಮೆಯ ಸಂಭಾಜಿನಗರದಲ್ಲಿದ್ದೇನೆ. ಆ ಮಳೆಗಾಲದಲ್ಲಿ ಮೊದಲು ಡೆಂಗಿ ಹತ್ತಿ ಮಲಗಿದ್ದು ನಾನು. ಎಲ್ಲಿಂದ ಹತ್ತಿತು ಎಂದು ಕೇಳುವ ಅಗತ್ಯವೇ ಇಲ್ಲ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಡ್ರಮ್ಮುಗಳಲ್ಲಿ ತುಂಬಿಡದೆ ಬದುಕುವಂತಿಲ್ಲ, ತುಂಬಿಟ್ಟರೆ ಅದರೊಳಗೆ ಸೊಳ್ಳೆ ಮೊಟ್ಟೆಯಿಡುತ್ತದೆ. ಒಣಗಿದ ನಳದ ಪಕ್ಕದ ಗೋಡೆಗೇ ಯಾರೋ ಪುಣ್ಯಾತ್ಮರು ‘ನೀರು ಸಂಗ್ರಹಿಸಬೇಡಿ’ ಎಂಬ ಬಣ್ಣದ ಕಾಗದ ಅಂಟಿಸಿ ಹೋಗಿದ್ದಾರೆ. ಅದನ್ನು ಹರಿದು ಹಾಕಬೇಕೆಂದು ಎಷ್ಟೋ ಸಲ ಕೈ ತುರಿಸಿದೆ. ಆದರೆ ನಾನು ಸಭ್ಯಳು, ನೋಡಿ. ನನ್ನ ಸಭ್ಯತೆ ಮನೆಗೆ ಏನು ತಂದಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಜ್ವರದಲ್ಲಿ ಮಲಗಿದ್ದಾಗ ಅಣ್ಣನ ಫೋನು ಬಂತು. ಅವ್ವ ಸ್ಪೀಕರ್ ಹಾಕಿ ಮಾತಾಡಿದಳು. ಫೋನೆಂದರೆ ಊರಿಗೆಲ್ಲ ಕೇಳಬೇಕು ಅವಳಿಗೆ.

“ನಾ ರಜಾ ಹಾಕಿ ಬರ್ತೀನಿ, ಅವ್ವಾ.”

“ನೀ ಬರಬ್ಯಾಡ. ನಿನಗ ಒಮ್ಮೆನೂ ಆಗಿಲ್ಲ. ಸೊಸಿನ್ನ ಕಳ್ಸು. ಆಕಿಗಿ ನಾಶಿಕದಾಗ ಆಗಿ ಹೋಗ್ಯಾದ.”

ಹಿಂದಿನಿಂದ ವೈನಿಯ ನಗು ಕೇಳಿಸಿತು. “ಹೌದ್ರಿ ಅತ್ತಿ, ನಾ ಡೆಂಗಿ ಪರೀಕ್ಷಾ ಪಾಸಾದಾಕಿ. ಇವತ್ತೇ ಬಸ್ ಹತ್ತತೀನಿ. ಆಕಿಗಿ ಗಂಜಿ ಕುಡ್ಸದೇ ಬಿಡಾಂಗಿಲ್ಲ.”

ಮೂರು ವರ್ಷದ ಹಿಂದೆ ವೈನಿಗೆ ನಾಶಿಕದಲ್ಲಿ ಡೆಂಗಿ ಬಂದಿತ್ತು. ಐದು ದಿನದ ಜ್ವರ. ಆರನೆಯ ದಿನ ಎದ್ದು ಕೂತು ದ್ರಾಕ್ಷಿ ತಿಂದಿದ್ದಳಂತೆ. ಅವ್ವನ ಲೆಕ್ಕದಲ್ಲಿ ಅಲ್ಲಿಗೆ ಆ ವಿಷಯ ಮುಗಿದಿತ್ತು. ನಮ್ಮ ಮನೆತನದಲ್ಲಿ ಇದೊಂದು ಹಳೆಯ ಕಟ್ಟಳೆ: ಬೇನೆ ಬಿದ್ದವರ ಕೋಣೆಗೆ, ಅದೇ ಬೇನೆ ಒಮ್ಮೆ ಬಂದು ಹೋದವರೇ ಹೋಗಬೇಕು. ಅಜ್ಜಿಯ ಕಾಲದಲ್ಲಿ ಏಳು ಮಕ್ಕಳಿಗೆ ಒಟ್ಟಿಗೇ ದಡಾರ ಎದ್ದಿತ್ತಂತೆ. ಹಿಂದೆ ದಡಾರ ಆಗಿದ್ದ ಒಬ್ಬ ಚಿಗವ್ವನನ್ನು ಮಾತ್ರ ಒಳಗೆ ಬಿಟ್ಟು, ಏಳನ್ನೂ ಉಳಿಸಿಕೊಂಡರಂತೆ. ಈ ಕಟ್ಟಳೆಯನ್ನು ನಾನು ಹಳಿಯಲಾರೆ. ದಡಾರದ ಮಟ್ಟಿಗೆ ಅದು ಅಪ್ಪಟ ವಿಜ್ಞಾನ.

ಸಿಟ್ಟು ಬರುವುದು ಇಲ್ಲಿ. ನಾನು ಕಲಬುರಗಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಡಿಗ್ರಿ ಮಾಡಿದವಳು. ವೈರಾಣು ತನ್ನ ನಕಲು ತೆಗೆಯುವಾಗ ತಪ್ಪು ಮಾಡುತ್ತದೆ, ತಿದ್ದುವ ಮೇಷ್ಟ್ರು ಅದಕ್ಕೆ ಇಲ್ಲ, ಆ ತಪ್ಪುಗಳಲ್ಲಿ ಕೆಲವು ಬದುಕಿಕೊಂಡು ಹೊಸ ತಳಿಗಳಾಗುತ್ತವೆ ಎಂದು ಪುಟಗಟ್ಟಲೆ ಬರೆದವಳು. ದಡಾರದ ವೈರಾಣುವೂ ತಪ್ಪು ಮಾಡುತ್ತದೆ. ಆದರೆ ಅದರ ಹೊರಮೈ ಬದಲಾದರೆ ಅದಕ್ಕೇ ಉಳಿಗಾಲವಿಲ್ಲ, ಹಾಗಾಗಿ ಒಮ್ಮೆ ಕಂಡ ದೇಹ ಅದನ್ನು ಜನ್ಮವಿಡೀ ಗುರುತು ಹಿಡಿಯುತ್ತದೆ. ಡೆಂಗಿ ಹಾಗಲ್ಲ. ಅದು ಎಂದೋ ನಾಲ್ಕು ಕವಲಾಗಿ ಒಡೆದಿದೆ. ಬ್ಯಾಂಕಿನಲ್ಲಿ ನಾನು ಸಹಿ ಹೋಲಿಸುವವಳಾದ್ದರಿಂದ ಹೀಗೆ ಹೇಳುತ್ತೇನೆ: ತೀರ ಬೇರೆಯಾದ ಸಹಿ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಕೈಕೊಡುವುದು ಒಂದೇ ಮನೆಯ ಅಣ್ಣತಮ್ಮಂದಿರ ಸಹಿ. ಮುಕ್ಕಾಲು ಪಾಲು ಒಂದೇ ಥರ ಇರುತ್ತದೆ, ಕಣ್ಣು ಹಳೆಯ ಪರಿಚಯವೆಂದು ತಿಳಿದು ಒಳಗೆ ಬಿಡುತ್ತದೆ. ಎರಡನೆಯ ಸಲ ಬೇರೆ ಕವಲಿನ ಡೆಂಗಿ ಬಂದರೆ ದೇಹದ ಹಳೆಯ ಕಾವಲುಗಾರರು ಅದನ್ನು ಹಿಡಿಯುತ್ತಾರೆ, ಆದರೆ ಕೊಲ್ಲಲಾರರು. ಕೈಹಿಡಿದು ಜೀವಕೋಶದೊಳಗೇ ಬಿಟ್ಟು ಬರುತ್ತಾರೆ. ಅಂದರೆ ಇಡೀ ಮನೆತನದಲ್ಲಿ ಆ ದಿನ ಸಂಭಾಜಿನಗರಕ್ಕೆ ಬರಲೇಬಾರದಾಗಿದ್ದ ಒಬ್ಬಳೇ ಒಬ್ಬಳೆಂದರೆ ವೈನಿ. ನಾವು ಆರಿಸಿ ಕರೆಸಿಕೊಂಡದ್ದು ಅವಳನ್ನೇ.

ಸ್ಪೀಕರಿನಲ್ಲಿ ಅದೆಲ್ಲ ಕೇಳಿಸುತ್ತಿತ್ತು. ನನಗೆ ಗೊತ್ತಿತ್ತು. ಸುಮ್ಮನೆ ಮಲಗಿದ್ದೆ.

ವೈನಿ ಬಂದಳು. ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಇಟ್ಟಳು, ಸೊಳ್ಳೆಪರದೆಯನ್ನು ಅವ್ವನಿಗೆ ಕೊಟ್ಟು ತಾನು ನನ್ನ ಪಕ್ಕದಲ್ಲಿ ಬರಿಗಾಲಲ್ಲಿ ಕೂತಳು. ಈ ಸೊಳ್ಳೆ ಹಗಲು ಕಚ್ಚುತ್ತದೆ; ನಾವು ಬೆಳಗಾದೊಡನೆ ಪರದೆ ಮಡಿಚಿಡುತ್ತಿದ್ದೆವು. ನಾನು ಎದ್ದು ಓಡಾಡುವಂತಾದ ಮೇಲೂ “ಒಂದು ಸೋಮವಾರ ವೇರೂಳಿಗಿ ಹೋಗಿ ಜ್ಯೋತಿರ್ಲಿಂಗಕ್ಕ ಕೈ ಮುಗ್ದು ಆಮ್ಯಾಲೆ ಹೋಗ್ತೀನಿ” ಎಂದು ಉಳಿದಳು. ಆ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ, ಅವಳಿಗೆ ಜ್ವರ ಬಂತು.

ಬುಧವಾರ ಅದು ಇಳಿದಾಗ ಓಣಿಯ ಡಾಕ್ಟರರು ಫೋನಿನಲ್ಲೇ “ಆತಾ ಟೆನ್ಶನ್ ನಾಹಿ”, ಇನ್ನು ಟೆನ್ಶನ್ ಇಲ್ಲ, ಎಂದರು. ಡೆಂಗಿಯಲ್ಲಿ ಟೆನ್ಶನ್ ಶುರುವಾಗುವುದೇ ಜ್ವರ ಇಳಿದ ಮೇಲೆ. ಅದನ್ನೂ ನಾನು ಓದಿದ್ದೆ. ಸಕ್ಕರೆ ನೆಕ್ಕಿ ಬ್ಯಾಂಕಿಗೆ ಹೋದೆ. ಮಧ್ಯಾಹ್ನ ಮನೆಗೆ ಬಂದರೆ ವೈನಿ ಹೊಟ್ಟೆ ಹಿಡಿದು ಗೋಡೆಗೆ ಒರಗಿದ್ದಳು. ಎರಡು ಸಲ ವಾಂತಿಯಾಗಿತ್ತು.

“ಏನಿಲ್ಲ, ಹಸಿವಿ ಆಗ್ಯಾದ ಅಷ್ಟೇ,” ಎಂದಳು. ಕೈ ಮುಟ್ಟಿದೆ. ನೆಲದಷ್ಟು ತಣ್ಣಗಿತ್ತು.

ಆಸ್ಪತ್ರೆಯಲ್ಲಿದ್ದ ಎಳೆ ಪ್ರಾಯದ ಡಾಕ್ಟರು ನಾಡಿ ಹಿಡಿದುಕೊಂಡೇ “ಆಧೀ ಕಧೀ ಡೆಂಗ್ಯೂ ಝಾಲಾ ಹೋತಾ ಕಾ?” ಎಂದು ಕೇಳಿದಳು. ಮೊದಲೆಂದಾದರೂ ಆಗಿತ್ತಾ ಎಂದು. ಹೌದು, ನಾಶಿಕದಲ್ಲಿ, ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ಇದನ್ನು ಯಾರಿಗೂ ಹೇಳಲಿಲ್ಲವೇ?” ಎಂದು ಮರಾಠಿಯಲ್ಲೇ ಗದರಿದಳು. ಹೇಳಿದ್ದೆವಲ್ಲ! ಹಾಲಿನವನಿಗೆ, ಮೇಲಿನ ಮನೆಯ ಕಾಕುಗೆ, ವೈನಿಯಂತೂ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ, ಹೆಮ್ಮೆಯಿಂದ. ಓಣಿಯ ಡಾಕ್ಟರರು ಕೇಳಲಿಲ್ಲ, ಅವರಿಗೊಬ್ಬರಿಗೆ ನಾವು ಹೇಳಲಿಲ್ಲ.

ರಕ್ತನಾಳಗಳಿಂದ ನೀರು ಹೊರಗೆ ಸೋರುತ್ತಿದೆ, ಎರಡು ದಿನ ಏನೂ ಹೇಳಲಾಗದು ಎಂದು ಐಸಿಯುಗೆ ಹಾಕಿದರು. ನಾಶಿಕದಿಂದ ಅಣ್ಣ ಓಡಿ ಬಂದ. ಬಾಗಿಲಿನ ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟ. ಅದನ್ನು ನೋಡಲಾಗದೆ ನಾನು ಅವ್ವನ ಮೇಲೆ ಹರಿಹಾಯ್ದೆ. “ನಿನ್ನ ಹಳೀ ಕಾಲದ ಶಾಸ್ತ್ರ! ಆಗಿ ಹೋಗ್ಯಾದ, ಆಗಿ ಹೋಗ್ಯಾದ ಅಂತ ಆಕಿನ್ನ ಸಾವಿನ ಬಾಯಿಗಿ ಕರಕೊಂಡು ಬಂದಿ.”

ಅವ್ವ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

“ನಾ ಸಾಲಿ ಕಲ್ತಾಕಿ ಅಲ್ಲ. ನಮ್ಮವ್ವ ಹೇಳಿದ್ದು ನಾ ಹೇಳ್ದೆ. ನೀ ಅದೇ ಓದ್ದಾಕಿ. ಅಲ್ಲೇ ಮಲಗಿದ್ದಿ. ನಿನ್ನ ಬಾಯಿಗಿ ಏನಾಗಿತ್ತು?”

ಕಾರಿಡಾರಿನ ಬೆಂಚಿನ ಮೇಲಿದ್ದವರೆಲ್ಲ ನನ್ನತ್ತ ನೋಡಿದರು. ಕನ್ನಡ ಬಾರದವರಿಗೂ ಆ ಮಾತು ಅರ್ಥವಾದಂತಿತ್ತು.

ವೈನಿ ಉಳಿದಳು. ಶುಕ್ರವಾರ ಸಂಜೆಗೆ ಕೈ ಬೆಚ್ಚಗಾಯಿತು, ಮರುವಾರ ಮನೆಗೆ ತಂದೆವು. ಆದರೆ ನಿದ್ದೆ ಎಂಬುದು ಮನೆಗೆ ಬರಲಿಲ್ಲ. ಅಣ್ಣ ಏಳುತ್ತಿದ್ದ, ಅವ್ವ ಏಳುತ್ತಿದ್ದಳು, ನಾನು ಏಳುತ್ತಿದ್ದೆ. ಒಬ್ಬರಾದ ಮೇಲೊಬ್ಬರು ವೈನಿಯ ಪಾದ ಮುಟ್ಟಿ ಬೆಚ್ಚಗಿದೆಯೇ ಎಂದು ನೋಡುತ್ತಿದ್ದೆವು. “ನಾ ಅದೀನೋ ಇಲ್ಲೋ ಅಂತ ನೋಡೋದು ಸಾಕ್ ಮಾಡ್ರಿ,” ಎಂದು ಅವಳು ಚಾದರ ಎಳೆದುಕೊಳ್ಳುತ್ತಿದ್ದಳು. “ಇದರಕಿಂತ ಐಸಿಯುದಾಗ ಆರಾಮ ಇತ್ತು.”

ಒಂದು ಭಾನುವಾರ ಮಧ್ಯಾಹ್ನ ಅವಳು ಚವಳಿಕಾಯಿ ಮುರಿಯುತ್ತ ಕೂತಿದ್ದಳು. ಎದುರಿಗೆ ಹೋಗಿ ಕೂತೆ.

“ವೈನಿ, ಆವತ್ತು ಅವ್ವ ಫೋನಿನಾಗ ನಿಮಗ ಬಾ ಅಂದಾಗ, ಎರಡನೇ ಸಲ ಆದ್ರ ಭಾಳ ಕೆಟ್ಟ ಅಂತ ನನಗ ಗೊತ್ತಿತ್ರಿ.”

“ಮತ್ತ ಯಾಕ ಅನ್ಲಿಲ್ಲ?”

“ನೀವು ಬರ್ಲಿ ಅನಿಸ್ತು. ಅವ್ವನ ಕೈಯಾಗ ಗಂಜಿ ಸರಿ ಆಗಾಂಗಿಲ್ಲ.”

ಜ್ವರದಾಗ ಇದ್ದಿ, ಇರಲಿ ಬಿಡು ಎನ್ನುತ್ತಾಳೆಂದು ನನ್ನ ಎಣಿಕೆ. ಹಾಗೆಂದರೆ ಆ ಮಾತಿನ ಮೇಲೂ ಸಿಟ್ಟು ಮಾಡಿಕೊಳ್ಳಲು ತಯಾರಾಗಿ ಕೂತಿದ್ದೆ. ವೈನಿ ಕೈಯಲ್ಲಿದ್ದ ಕಾಯನ್ನು ಮುರಿದು ಬುಟ್ಟಿಗೆ ಹಾಕಿದಳು. ಮುಖ ಕೆಂಪಾಗಿತ್ತು.

“ನನಗ ಸಿಟ್ಟು ಬಂದಾದ,” ಎಂದಳು. “ಭಾಳ ಬಂದಾದ. ಇವತ್ತು ನಿನ್ನ ಜೋಡಿ ಮಾತಾಡಾಂಗಿಲ್ಲ. ನಾಳಿ ನೋಡೋಣ.”

ಮಾತಾಡಲಿಲ್ಲ. ಸಂಜೆಯ ಚಹಾ ನನಗೆ ಅವ್ವನ ಕೈಯಿಂದ ಬಂತು. ಊಟದಲ್ಲಿ ಉಪ್ಪು ಕೇಳಿದರೆ ಅಣ್ಣನ ಮುಂದೆ ತಳ್ಳಿದಳು. ಮಲಗುವಾಗ ಗೋಡೆಯ ಕಡೆ ತಿರುಗಿ ಮಲಗಿದಳು. ಇಷ್ಟು ಸಿಟ್ಟಿರುವವಳ ಪಾದ ತಣ್ಣಗಿರಲು ಸಾಧ್ಯವೇ ಇರಲಿಲ್ಲ. ಆ ರಾತ್ರಿ ನಮ್ಮಲ್ಲಿ ಯಾರೂ ಏಳಲಿಲ್ಲ.

ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಹಾಸಿಗೆಯ ಮೇಲಿತ್ತು. ವೈನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನನ್ನ ತಲೆಯ ಹತ್ತಿರ ನಿಂತಿದ್ದಳು.

“ಏಳು. ಬ್ಯಾಂಕಿಗಿ ಹೊತ್ತಾಗ್ಯಾದ.”