ಕ್ಯಾಮರಾದ ಕೆಳಗೆ ಉಪ್ಪು ಮೆಣಸು

ನಮ್ಮೂರು ಬಂದ್ಯೋಡಿನ ಟ್ಯೂಷನ್ ಕ್ಲಾಸಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಟೀಚರ್ ತಮ್ಮ ಗಲ್ಲಕ್ಕೆ ಬೆರಳು ತಟ್ಟಿ ಹೇಳುತ್ತಿದ್ದರು: “ಹೆದರುದು ಎಂತಕ್ಕೆ? ಬಾಯಿ ಬಿಟ್ಟು ಹೇಳಿ.” ಈಗ ಅವರು ಗಲ್ಫಿನ ಒಂದು ಮನೆಯಲ್ಲಿ ಹಗಲು ಮಗು ನೋಡಿಕೊಳ್ಳುತ್ತಾರೆ, ಸಂಜೆ ಅದರ ಅಕ್ಕಂದಿರಿಗೆ ಇಂಗ್ಲಿಷ್ ಪಾಠ ಮಾಡುತ್ತಾರೆ.

ಮೊನ್ನೆ ಅವರ ವೀಡಿಯೊ ಕಾಲ್ ಬಂತು. ಬಟ್ಟೆ ಒಗೆಯುವ ಕೋಣೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಫೋನನ್ನು ಬಟ್ಟೆಯ ರಾಶಿಗೆ ಒರಗಿಸಿ ಇಟ್ಟಿದ್ದರು.

“ಮಗು ಬೆಳಿಗ್ಗೆಯಿಂದ ಒಂದೇ ಸಮ ಕೂಗುತ್ತಿತ್ತು ಮಾರಾಯ್ತಿ. ಮಗುವಿನ ಕೋಣೆಯಲ್ಲಿ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದೆ. ಮತ್ತೆ ನೋಡಿದರೆ ತಲೆಯ ಮೇಲೆಯೇ ಕ್ಯಾಮರಾ! ಮಗುವಿನ ಅಮ್ಮ, ನಮ್ಮ ಮೇಡಂ, ಆಫೀಸಿನಿಂದಲೇ ಫೋನಿನಲ್ಲಿ ನೋಡಿದ್ದಾರೆ. ‘ಬರ್ತಿದ್ದೇನೆ’ ಅಂತ ಮಾತ್ರ ಹೇಳಿದರು. ಇಲ್ಲಿ ಇದನ್ನು ಮಾಟ ಅಂತ ತಿಳಿದರೆ ಪೊಲೀಸರೇ ಬರುದು.”

“ಬಾಯಿ ಬಿಟ್ಟು ಹೇಳಿ ಟೀಚರ್, ಮಗುವಿನ ಒಳ್ಳೆಯದಕ್ಕೆ ಮಾಡಿದ್ದು ಅಂತ.”

“ಇಂಗ್ಲಿಷಿನಲ್ಲಿ ಹೇಗೆ ಹೇಳಿದರೂ ಅದು ಮಾಟದ ಹಾಗೇ ಕೇಳ್ತದೆ.”

ಬಾಗಿಲು ತೆರೆದ ಸದ್ದಾಯಿತು. ಟೀಚರ್ ಫೋನನ್ನು ಬಟ್ಟೆಯ ರಾಶಿಯೊಳಗೆ ತುರುಕಿದರು, ಕಟ್ ಮಾಡಲು ಮರೆತರು. ಪರದೆ ಕಪ್ಪಾಯಿತು. ಮಗು ನಗುವುದು ಕೇಳಿತು. ಆಮೇಲೆ, ಕ್ಲಾಸಿನಲ್ಲಿ ನಮ್ಮಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದ ಅದೇ ರಾಗದಲ್ಲಿ, ಟೀಚರ್ ದನಿ: “ಗುಡ್ ಈವ್‌ನಿಂಗ್, ಮೇಡಂ.”