ಗುಂಡವ್ವನ ಹೊಲ, ಭಾವುಸಾಹೇಬರ ಪರಿಹಾರ

ಹುಬ್ಬಳ್ಳಿಯಿಂದ ವರ್ಗವಾಗಿ ಮರಾಠಿ ಸೀಮೆಯ ವೈಜಾಪುರದ ಬ್ಯಾಂಕಿಗೆ ಬಂದ ನನಗೆ ಕೌಂಟರಿನ ಮುಂದೆ ಮೊದಲು ಕೇಳಿದ ಕನ್ನಡವೇ ಬೈಗುಳ. ಸಾಲು ತಪ್ಪಿಸಿ ನುಗ್ಗಿದವನೊಬ್ಬನನ್ನು ಗುಂಡವ್ವ ಇಂಡಿ ಕಡೆಯ ಮಾತಿನಲ್ಲಿ ಬೈಯಲು ಶುರುಮಾಡಿ ಮರಾಠಿಯಲ್ಲಿ ಮುಗಿಸಿದಳು. ಅಂದಿನಿಂದ ನನಗೆ ಅವಳ ಮೇಲೆ ಅಭಿಮಾನ.

ಅವಳೂ ಗಂಡ ನಿಂಗಣ್ಣನೂ ಹಲವು ವರ್ಷ ಬಿಡಕಿನ್‌ನಲ್ಲಿ ಫ್ಯಾಕ್ಟರಿ ಕಟ್ಟುವ ಕಡೆ ಸಿಮೆಂಟು ಹೊತ್ತವರು. ಆಮೇಲೆ ನಾಸಿಕದಲ್ಲಿ ವಾಸವಿರುವ ಭಾವುಸಾಹೇಬರಿಗೆ ವೈಜಾಪುರದ ಹತ್ತಿರ ಇದ್ದ ಎರಡು ಎಕರೆಯನ್ನು ಪಾಲಿಗೆ ಹಿಡಿದರು. ಬೆಳೆದದ್ದರಲ್ಲಿ ಅರ್ಧ ಇವರಿಗೆ, ಇರಲು ಹೊಲದ ಖೋಲಿ. ಎಲ್ಲ ಬಾಯಿಮಾತು. ಕಾಗದದಲ್ಲಿ ಹೆಸರು ಬಂದರೆ ಉಳುವವನು ನಾಳೆ ಹಕ್ಕು ಕೇಳುತ್ತಾನೆಂದು ಇಲ್ಲಿನ ಮಾಲೀಕರಿಗೆ ಭಯ. ಗುಂಡವ್ವ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಅವಳು 'ನಮ್ಮ ಹೊಲ' ಎನ್ನುತ್ತಿದ್ದಳು.

ಕೊರೊನಾ ಬಂದು ಮಾರುಕಟ್ಟೆ ಮುಚ್ಚಿತು. ಟೊಮ್ಯಾಟೊ ಗಿಡದಲ್ಲೇ ಕೊಳೆಯಿತು. ರೈತರಿಗೆ ಪರಿಹಾರ ಬರುತ್ತದೆ, ಆದರೆ ರೈತ ಹೊಲದಲ್ಲಿ ನಿಂತ ಫೋಟೊ ಬೇಕು ಎಂದಾಯಿತು. ಭಾವುಸಾಹೇಬರು ನಾಸಿಕ ಬಿಟ್ಟು ಹೊರಡುವ ಹಾಗಿರಲಿಲ್ಲ. ಮಾಸ್ಕ್ ಹಾಕಿ, ತಲೆಗೆ ಟೋಪಿ ಇಟ್ಟು ನನ್ನ ಹೆಸರಲ್ಲಿ ನೀನೇ ನಿಲ್ಲು, ಬಂದದ್ದರಲ್ಲಿ ಅರ್ಧ ನಿನ್ನದು ಎಂದು ನಿಂಗಣ್ಣನಿಗೆ ಫೋನಿನಲ್ಲಿ ಹೇಳಿದರು. ಪಾಪ, ಮಾಲೀಕರಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು ಅವನು ಖುಷಿಯಿಂದಲೇ ನಿಂತ.

ಡಿಸೆಂಬರಿನ ಹೊತ್ತಿಗೆ ಹಣ ಭಾವುಸಾಹೇಬರ ಖಾತೆಗೆ ಬಂತು. ಅರ್ಧ ಕೇಳಿದರೆ, ಪಾಲು ಬೆಳೆಗೆ ಮಾತ್ರ, ಪರಿಹಾರ ಹೊಲದ ಒಡೆಯನಿಗೆ ಎಂದುಬಿಟ್ಟರು. ಗುಂಡವ್ವ ನನ್ನ ಹತ್ತಿರ ಓಡಿಬಂದಳು. ನನಗೆ ಮೈಯೆಲ್ಲ ಉರಿಯಿತು.

"ಕಂಪ್ಲೇಂಟ್ ಕೊಡ್ರಿ," ಎಂದೆ.

"ಯಾರ ಮ್ಯಾಲ ಕೊಡ್ಲಿರಿ ಸಾಹೇಬ್ರ? ಫೋಟೋದಾಗ ನಿಂತಾಂವ ನನ್ನ ಗಂಡ. ಸುಳ್ಳ ಹೆಸರೀಲೆ ನಿಂತಾನಂತ ಮದ್ಲ ಅವನ್ನ ಎಳಕೊಂಡ ಹೋಗ್ತಾರ."

"ಹಂಗಾರ ಆ ಹೊಲಾ ಬಿಟ್ಟಬಿಡ್ರಿ."

"ಉಳ್ಳಾಗಡ್ಡಿ ಹಚ್ಚೀವ್ರಿ. ನೆಲದಾಗ ಐತಿ. ಹೆಂಗ ಬಿಡೂಣು?"

ನಾನು ಕಂಪ್ಯೂಟರ್ ನೋಡುವವನಂತೆ ನಟಿಸಿದೆ. ನಾಚಿಕೆಯಾಗಿತ್ತು.

ಮರುವರ್ಷ ಮಾರ್ಚಿನಲ್ಲಿ, ಪರಿಹಾರದ ಎರಡನೇ ಕಂತು ಕೊಡುವ ಮುಂಚೆ ಅಧಿಕಾರಿಯೇ ಬಂದು ರೈತನನ್ನು ನೋಡುತ್ತಾನೆ ಎಂಬ ಸುದ್ದಿ ಬಂತು. ಫೋಟೊದಲ್ಲಿರುವ ಮುಖವೇ ಇರಬೇಕಲ್ಲ! ಭಾವುಸಾಹೇಬರು ಮತ್ತೆ ಫೋನು ಮಾಡಿದರು. ನಿಲ್ಲುತ್ತೀಯೋ, ಇಲ್ಲಾ ನಾಳೆಯೇ ಖೋಲಿ ಖಾಲಿ ಮಾಡುತ್ತೀಯೋ? ನಿಂಗಣ್ಣ ಒಲ್ಲೆ ಎಂದು ಕೂತುಬಿಟ್ಟ. ಮಾಸ್ಕ್ ತಂದು ಅವನ ಕೈಗೆ ಕೊಟ್ಟವಳು ಗುಂಡವ್ವನೇ.

"ಹದಿನೈದ ದಿನಾ ತಡಕೋ. ಉಳ್ಳಾಗಡ್ಡಿ ಕಿತ್ತಮ್ಯಾಲ ಈ ಮಾಲಕನ ಮಾರಿ ನೋಡೂದ ಬ್ಯಾಡ."

ಅಂದು ಹೊಲದಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಬಂದ ಅಧಿಕಾರಿ ಎಳೆ ವಯಸ್ಸಿನವನು, ಒಳ್ಳೆಯವನು. ಒಳ್ಳೆಯವನಾಗಿದ್ದೇ ಕಷ್ಟವಾಯಿತು. ಹೆಸರು ಕೇಳಿದಾಗ ನಿಂಗಣ್ಣ ಮಾಲೀಕರ ಹೆಸರನ್ನು ಒಪ್ಪಿಸಿದ. ಬದುವಿನ ಮೇಲೆ ಕಳೆ ತೆಗೆಯುವ ಕುರ್ಪಿ ಹಿಡಿದು ನಿಂತಿದ್ದ ಗುಂಡವ್ವನನ್ನು ಕಂಡು ಅಧಿಕಾರಿ ಈಕೆ ಯಾರು ಎಂದ. ನಿಂಗಣ್ಣ ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡ. ಹೆಂಡತಿ ಎಂದರೆ ಭಾವುಸಾಹೇಬರ ಹೆಂಡತಿಯ ಆಧಾರ್ ಕೇಳಿಯಾನು. ಗುಂಡವ್ವನೇ ಮರಾಠಿಯಲ್ಲಿ, ಕೂಲಿಯವಳು ಸಾಹೇಬ ಎಂದಳು.

ಅಧಿಕಾರಿ ನಿಂಗಣ್ಣನತ್ತ ತಿರುಗಿ, ಕಷ್ಟದ ಕಾಲದಲ್ಲಿ ಹೆಣ್ಣಾಳಿನ ಕೂಲಿ ಬಾಕಿ ಇಟ್ಟಿಲ್ಲ ತಾನೇ ಎಂದು ಗದರಿದ. ಇಲ್ಲ ಎಂದು ನಿಂಗಣ್ಣ ತಲೆಯಾಡಿಸಿದ. ಅಷ್ಟಕ್ಕೆ ನಂಬದೆ ಆ ಪುಣ್ಯಾತ್ಮ ಒಂದು ಹಾಳೆಯಲ್ಲಿ ಬರೆದು, ಗುಂಡವ್ವನಿಗೆ ಓದಿ ಹೇಳಿದ. ಈ ಹೊಲದಲ್ಲಿ ದುಡಿದದ್ದಕ್ಕೆ ನನಗೆ ಬರಬೇಕಾದ್ದೆಲ್ಲ ಬಂದಿದೆ, ಮಾಲೀಕರಿಂದ ಇನ್ನೇನೂ ಬರಬೇಕಾಗಿಲ್ಲ.

ಗುಂಡವ್ವ ಗಂಡನ ಮುಖ ನೋಡಿದಳು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.